ಬೈಲಹೊಂಗಲ ಸೀಮೆಯ ಕತೆಗಳು: ಲಾವಣಿಯಿಂದ ಮಾಸಪತ್ರಿಕೆಗೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಕತೆಗಳು ಅಚ್ಚಿನ ಮನೆಗೆ ಹೋಗುವ ಮೊದಲು ಲಾವಣಿಕಾರರ ಬಾಯಲ್ಲಿ ಬೆಳೆದವು. ಹಾಡಲು ಸಂಗತಿಗಳಿಗೆ ಬರವಿರಲಿಲ್ಲ. 1824ರಲ್ಲಿ ಕಿತ್ತೂರು ಕೋಟೆಯೆದುರು ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತ. 1829ರಲ್ಲಿ ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. 1858ರಲ್ಲಿ ನರಗುಂದದ ಬಾಬಾಸಾಹೇಬ ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನ ತಲೆ ತೆಗೆದ. ಸರಕಾರಿ ದಫ್ತರದಲ್ಲಿ ಬಂಡಾಯ ಎಂದು ದಾಖಲಾದದ್ದು ಊರ ಕಟ್ಟೆಯ ಮೇಲೆ ಬೇರೆಯೇ ರೀತಿಯಲ್ಲಿ ಉಳಿಯಿತು.

ಲಾವಣಿ ಹಾಡುವ ಗೀಗೀ ಮೇಳದಲ್ಲಿ ಡಪ್ಪು ಹಿಡಿದವನು ಮುಂದೆ ನಿಂತು ನುಡಿ ಎತ್ತುತ್ತಾನೆ. ತುಂತುಣಿ, ತಾಳದವರು ಹಿಂದಿನಿಂದ ದನಿಗೂಡಿಸುತ್ತಾರೆ. ಯಾವ ಊರು, ಯಾರ ಮಗ, ಯಾರಿಂದ ಕೆಟ್ಟ ಎಂಬುದು ಒಂದೊಂದೇ ನುಡಿಯಲ್ಲಿ ಬಿಚ್ಚಿಕೊಳ್ಳುತ್ತದೆ. ಕೊನೆಯ ನುಡಿಯಲ್ಲಿ ಕವಿಯ ಊರು, ಗುರುವಿನ ಹೆಸರು ಬರುವುದು ವಾಡಿಕೆ. ಕತೆ ಯಾರದು, ಎಲ್ಲಿಯದು ಎಂಬ ಗುರುತು ಹಾಡಿನೊಳಗೇ ಇರುತ್ತದೆ.

ಈ ಸೀಮೆಯ ಅತ್ಯಂತ ಗಟ್ಟಿಯಾದ ಕತೆ ಮಾತ್ರ ಯುದ್ಧದ್ದಲ್ಲ, ಒಂದು ಕೊಲೆಯದು. ಬೈಲಹೊಂಗಲದ ಸಿರಿವಂತ ತರುಣ ಸಂಗ್ಯಾ, ಈರ್ಯಾನ ಹೆಂಡತಿ ಗಂಗಿಗೆ ಮನಸೋಲುತ್ತಾನೆ. ಮುದುಕಿ ಪಾರಮ್ಮ ನಡುವೆ ನಿಂತು ಇಬ್ಬರನ್ನೂ ಕೂಡಿಸುತ್ತಾಳೆ. ಸುದ್ದಿ ತಿಳಿದ ಈರ್ಯಾ ಮತ್ತು ಅವನ ಅಣ್ಣತಮ್ಮಂದಿರು ಸಂಗ್ಯಾನನ್ನು ಮುಗಿಸುತ್ತಾರೆ. ಅವನ ಜೀವದ ಗೆಳೆಯ ಬಾಳ್ಯಾನೇ ಆ ಸಂಚಿನಲ್ಲಿ ಸೇರಿರುತ್ತಾನೆ. ದೇವರಿಲ್ಲ, ರಾಜನಿಲ್ಲ, ಪವಾಡವಿಲ್ಲ. ಪರಿಚಿತ ಊರು, ಕೆಲವೇ ಮಂದಿ, ಒಂದು ಆಸೆ, ಒಂದು ದ್ರೋಹ. ಮುಂದೆ ಸಣ್ಣಕತೆ ತನ್ನದೆಂದು ಹೇಳಿಕೊಂಡ ಸಾಮಗ್ರಿಯೆಲ್ಲ ಇಲ್ಲಿ ಮೊದಲೇ ಸಿದ್ಧವಾಗಿತ್ತು.

ಈ ಹಾಡುಗಳು ಮೊದಲು ಅಚ್ಚಾದದ್ದು ಕನ್ನಡ ಪತ್ರಿಕೆಯಲ್ಲಲ್ಲ. ಮುಂಬಯಿ ಸರಕಾರದ ಅಧಿಕಾರಿ ಜೆ.ಎಫ್. ಫ್ಲೀಟ್ 1885ರಿಂದ ಕೆಲವು ವರ್ಷಗಳ ಅವಧಿಯಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಕನ್ನಡ ಲಾವಣಿಗಳನ್ನು ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು. ಸಂಗೊಳ್ಳಿ ರಾಯಣ್ಣ, ಬ್ರಿಟಿಷರ ವಿರುದ್ಧ ಎದ್ದ ಹಲಗಲಿಯ ಬೇಡರು, ಸಂಗ್ಯಾ, ಕಿತ್ತೂರಿನ ಚೆನ್ನಮ್ಮನ ಸೊಸೆ ಎಲ್ಲರೂ ಅಲ್ಲಿ ಬಂದರು. ಶಾಸನಗಳ ಪಕ್ಕದಲ್ಲಿ, ವಿದ್ವಾಂಸರ ಪರೀಕ್ಷೆಗೆಂದು ಇಟ್ಟ ಹಾಡುಗಳು ಅವು. ಹಾಡಿದವರ ಮನೆಗೆ ಆ ಸಂಚಿಕೆ ತಲುಪುವಂತಿರಲಿಲ್ಲ. ಆದರೂ ಫ್ಲೀಟರ ಶ್ರಮದಿಂದಲೇ ಆ ಪಾಠಗಳು ಆ ಕಾಲದ ರೂಪದಲ್ಲಿ ಉಳಿದಿವೆ. ಈ ಋಣ ದೊಡ್ಡದು.

ಕನ್ನಡದ ಓದುಗರು ತಯಾರಾಗಲು ಶಾಲೆ ಬೇಕಿತ್ತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಭಾಗದ ಶಾಲೆಗಳಲ್ಲಿ ಮರಾಠಿಯದೇ ಕಾರುಬಾರು ಇದ್ದಾಗ, ಶಿಕ್ಷಣ ಇಲಾಖೆಯ ಅಧಿಕಾರಿ ಡೆಪ್ಯುಟಿ ಚೆನ್ನಬಸಪ್ಪನವರು ಊರೂರು ತಿರುಗಿ ಕನ್ನಡ ಶಾಲೆಗಳನ್ನು ನೆಲೆಗೊಳಿಸಿದರು. ಬೆಳಗಾವಿಯಿಂದ ಹೊರಟ ‘ಮಠಪತ್ರಿಕೆ’ ಮಾಸ್ತರರಿಗೆ ಓದುವ ಸಾಮಗ್ರಿ ಒದಗಿಸಿತು. ಸವದತ್ತಿ ಸೀಮೆಯ ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನೆಲ್ಲ ವಿದ್ಯೆಗೆಂದು ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಆ ಆಸ್ತಿಯ ಟ್ರಸ್ಟಿನ ಶಿಷ್ಯವೇತನದಿಂದ ಓದಿದ ಹಳ್ಳಿಯ ಹುಡುಗರು ಅನೇಕರು. ಪತ್ರಿಕೆಗಳ ಚರಿತ್ರೆಯಲ್ಲಿ ಸಂಪಾದಕರ ಹೆಸರು ಬರುವಷ್ಟು ಇಂಥ ದಾನಿಗಳ ಹೆಸರು ಬರುವುದಿಲ್ಲ, ಬರಬೇಕು.

ಸಾಹಿತ್ಯ ಪತ್ರಿಕೆಯ ಕೇಂದ್ರ ಧಾರವಾಡವಾಯಿತು. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ 1896ರಲ್ಲಿ ‘ವಾಗ್ಭೂಷಣ’ ಹೊರಡಿಸಿತು. ಬಾಗಲಕೋಟೆಯ ಕೆರೂರು ವಾಸುದೇವಾಚಾರ್ಯರು ತಾವೇ ನಡೆಸಿದ ಪತ್ರಿಕೆಗಳಿಗೆ ಸಣ್ಣಕತೆಗಳನ್ನು ಬರೆದರು. 1922ರಲ್ಲಿ ಆಲೂರ ವೆಂಕಟರಾಯರ ‘ಜಯಕರ್ನಾಟಕ’ ಬಂತು. 1929ರಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಳನಕ್ಕೆ ಕತೆಗಾರ ಮಾಸ್ತಿಯವರೇ ಅಧ್ಯಕ್ಷರಾದರು.

ಸವದತ್ತಿಯ ನೆರೆಯ ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ಕೃಷ್ಣಶರ್ಮರು, ಅಂದರೆ ಆನಂದಕಂದರು, ಹಾಡು ಮತ್ತು ಪತ್ರಿಕೆ ಎಂಬ ಈ ಎರಡು ದಾರಿಗಳನ್ನು ಕೂಡಿಸಿದವರು. ಜನಪದ ಗೀತೆಯ ಧಾಟಿಯಲ್ಲಿ ಕವನ ಬರೆದ ಕೈಯೇ ಹಳ್ಳಿಯ ಒಕ್ಕಲುತನ, ಬಡತನ, ಅತ್ತೆ-ಸೊಸೆಯರ ಸಂಸಾರವನ್ನು ಸಣ್ಣಕತೆಯಾಗಿಸಿತು. 1938ರಲ್ಲಿ ಅವರು ಆರಂಭಿಸಿದ ‘ಜಯಂತಿ’ ಎರಡು ದಶಕಕ್ಕೂ ಮೀರಿ ನಡೆಯಿತು. ಒಬ್ಬನೇ ಮನುಷ್ಯ ಸಾಹಿತ್ಯದ ಮಾಸಪತ್ರಿಕೆಯನ್ನು ಇಷ್ಟು ಕಾಲ ಹೊರುವುದು ಸಾಮಾನ್ಯ ಕೆಲಸವಲ್ಲ: ಬರಹ ತರಿಸಬೇಕು, ತಿದ್ದಬೇಕು, ಕರಡು ನೋಡಬೇಕು, ಚಂದಾ ಕೂಡಿಸಬೇಕು, ಕೊರತೆ ಬಿದ್ದದ್ದನ್ನು ತುಂಬಬೇಕು. ಅದೇ ಗೋಕಾಕ ಸೀಮೆಯ ಬಸವರಾಜ ಕಟ್ಟೀಮನಿಯವರು ಪತ್ರಿಕಾಲಯಗಳಲ್ಲಿ ದುಡಿಯುತ್ತಲೇ ಕತೆ ಬರೆದು, ಆ ಅನುಭವವನ್ನು ‘ಜ್ವಾಲಾಮುಖಿಯ ಮೇಲೆ’ ಕಾದಂಬರಿಗೆ ತಂದರು.

ಅತ್ತ ಸಂಗ್ಯಾನ ಕತೆ ಅಚ್ಚಿಗಾಗಿ ಕಾಯಲಿಲ್ಲ. ಪತ್ತಾರ ಮಾಸ್ತರರ ಕೃತಿಯೆಂದು ಹೆಸರಾದ ಸಣ್ಣಾಟವಾಗಿ ಅದು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ರಾತ್ರಿಯಿಡೀ ನಡೆಯಿತು. ಬಣ್ಣದ ಕಿರೀಟವಿಲ್ಲದ, ದಿನನಿತ್ಯದ ಉಡುಪಿನ ಆಟ ಅದು. 1960ರ ದಶಕದಲ್ಲಿ ಘೋಡಗೇರಿಯ ಚಂದ್ರಶೇಖರ ಕಂಬಾರರು ‘ಸಂಗ್ಯಾ ಬಾಳ್ಯಾ’ವನ್ನು ಸಂಪಾದಿಸಿ ಪ್ರಕಟಿಸಿದರು. ಧಾರವಾಡದಲ್ಲಿ ಚಂಪಾ, ಗಿರಡ್ಡಿ, ಪಟ್ಟಣಶೆಟ್ಟಿಯವರ ಸಾಹಿತ್ಯ ಪತ್ರಿಕೆ ‘ಸಂಕ್ರಮಣ’ ಶುರುವಾದದ್ದೂ ಅದೇ ದಶಕದಲ್ಲಿ. ಬೈಲಹೊಂಗಲದ ಹಾಡು ಹವ್ಯಾಸಿ ರಂಗಭೂಮಿಯನ್ನೂ ವಿಶ್ವವಿದ್ಯಾಲಯದ ಪಾಠವನ್ನೂ ಸೇರಿತು; ಬಯಲಾಟದ ಕಟ್ಟನ್ನು ಕಂಬಾರರು ತಮ್ಮ ‘ಜೋಕುಮಾರಸ್ವಾಮಿ’ಯಲ್ಲಿ ಹೊಸ ನಾಟಕಕ್ಕೆ ದುಡಿಸಿಕೊಂಡರು.