ಕೀವ್ ಬಾಗಿಲಿಂದ ಸೇನೆ ಹೊಲದ ಕಡೆ ತಿರುಗಿದ್ದೇಕೆ?

2022ರ ಏಪ್ರಿಲ್‌. ಚಹಾದಂಗಡಿಯಲ್ಲಿ ಪೇಪರ್ ಓದುತ್ತಿದ್ದ ಹಿರಿಯರೊಬ್ಬರು ನಮ್ಮನ್ನು ಕೇಳಿದರು: "ಅಲ್ರೀ, ಅಷ್ಟ್ ದೊಡ್ಡ ರಷ್ಯಾ ಸೇನಾ ರಾಜಧಾನಿ ಬಾಗಿಲಿಗೆ ಬಂದು ಯಾಕ ಹೊಳ್ಳಿ ಹೋತು? ಸೋತ್ರೋ, ಕರುಣೆ ಬಂತೋ?"

ಅವತ್ತು ನಮಗೆ ಸರಿಯಾಗಿ ಹೇಳಲು ಆಗಲಿಲ್ಲ. ಇವತ್ತು ಹೇಳಲು ಪ್ರಯತ್ನಿಸುತ್ತೇವೆ.

ರಷ್ಯಾ ಉಕ್ರೇನ್ ಮೇಲೆ ದಾಳಿ ಶುರು ಮಾಡಿದ್ದು 2022ರ ಫೆಬ್ರುವರಿ 24ರಂದು. ಮೊದಲ ದಿನವೇ ಹೆಲಿಕಾಪ್ಟರ್‌ಗಳಲ್ಲಿ ಬಂದ ಸೈನಿಕರು ರಾಜಧಾನಿ ಕೀವ್ ಪಕ್ಕದ ಹೊಸ್ತೊಮೆಲ್ ವಿಮಾನ ನಿಲ್ದಾಣಕ್ಕೆ ಇಳಿದರು. ಅಲ್ಲಿಗೆ ದೊಡ್ಡ ವಿಮಾನಗಳಲ್ಲಿ ಇನ್ನಷ್ಟು ಸೈನಿಕರನ್ನು ಇಳಿಸಿ, ಕೆಲವೇ ದಿನಗಳಲ್ಲಿ ರಾಜಧಾನಿ ಹಿಡಿಯುವುದು ಅವರ ಲೆಕ್ಕ. ಉಕ್ರೇನ್ ಸೇನೆ ರನ್‌ವೇ ಮೇಲೆ ಫಿರಂಗಿ ಹಾರಿಸಿತು. ವಿಮಾನಗಳು ಇಳಿಯಲಿಲ್ಲ. ಅಲ್ಲಿಗೆ ಲೆಕ್ಕ ತಪ್ಪಿತು.

ಇನ್ನು ಉಳಿದಿದ್ದು ರಸ್ತೆ. ಉತ್ತರದಿಂದ ಕೀವ್ ಕಡೆಗೆ ಟ್ಯಾಂಕ್, ಲಾರಿ, ಡೀಸೆಲ್ ಟ್ಯಾಂಕರ್‌ಗಳ ಸಾಲು ಹೊರಟಿತು. ಉಪಗ್ರಹ ಚಿತ್ರಗಳಲ್ಲಿ ಅದರ ಉದ್ದ ಸುಮಾರು 64 ಕಿಲೋಮೀಟರ್. ಆದರೆ ಆ ಸಾಲು ದಿನಗಟ್ಟಲೆ ನಿಂತಲ್ಲೇ ನಿಂತಿತು.

ಯಾಕೆ ಎಂಬುದು ನಮ್ಮ ಎರೆಹೊಲದ ರೈತರಿಗೆ ಬೇಗ ಅರ್ಥವಾಗುತ್ತದೆ. ಉಕ್ರೇನಿನ ಬಹುಭಾಗ ಕಪ್ಪು ಮಣ್ಣಿನ ನಾಡು. ಚಳಿಗಾಲದ ಹಿಮ ಕರಗುವಾಗ ಆ ಮಣ್ಣು ರಾಡಿಯಾಗುತ್ತದೆ. ಮಳೆ ಬಿದ್ದ ಎರೆಹೊಲಕ್ಕೆ ಟ್ರ್ಯಾಕ್ಟರ್ ಇಳಿಸಿದರೆ ಏನಾಗುತ್ತದೆ ಎಂದು ನಿಮಗೆ ನಾವು ಹೇಳಬೇಕಿಲ್ಲ. 40 ಟನ್‌ಗೂ ಹೆಚ್ಚು ತೂಕದ ಟ್ಯಾಂಕ್ ಕೂಡ ಹೂತು ಹೋಗುತ್ತದೆ. ಹಾಗಾಗಿ ಸೇನೆ ಡಾಂಬರು ರಸ್ತೆ ಬಿಟ್ಟು ಇಳಿಯುವಂತಿರಲಿಲ್ಲ. ರಸ್ತೆಯಲ್ಲಿ ಮುಂದಿನ ಗಾಡಿ, ಹಿಂದಿನ ಗಾಡಿ ಹೊಡೆದರೆ ಸಾಕು, ನಡುವಿನವು ಅಲ್ಲೇ ಸಿಕ್ಕಿಬಿದ್ದವು. ಬೂಚಾ ಪಟ್ಟಣದ ಒಂದು ಬೀದಿಯಲ್ಲಿ ಫೆಬ್ರುವರಿ 27ರಂದು ಇಂಥದ್ದೊಂದು ಸಾಲು ಸುಟ್ಟು ಹೋಯಿತು.

ಉಕ್ರೇನಿನವರು ಇನ್ನೊಂದು ಕೆಲಸ ಮಾಡಿದರು. ಸೇತುವೆಗಳನ್ನು ತಾವೇ ಉರುಳಿಸಿ, ಅಣೆಕಟ್ಟಿನ ನೀರನ್ನು ಇರ್ಪಿನ್ ಎಂಬ ಚಿಕ್ಕ ನದಿಯ ಬಯಲಿಗೆ ಬಿಟ್ಟರು. ಕೀವ್‌ಗೆ ಅದೇ ಕಂದಕವಾಯಿತು. ಆದರೆ ಡೆಮಿದಿವ್ ಎಂಬ ಹಳ್ಳಿಯ ಮನೆಗಳಿಗೂ ತೋಟಗಳಿಗೂ ಅದೇ ನೀರು ನುಗ್ಗಿತು. ರಾಜಧಾನಿ ಉಳಿಸಲು ಒಂದು ಹಳ್ಳಿ ಮುಳುಗಿತು. ಇತಿಹಾಸ ಬರೆಯುವವರು ಇದನ್ನು ಒಂದು ಸಾಲಿನಲ್ಲಿ ಮುಗಿಸಬಹುದು. ಹಳ್ಳಿಯವರಾದ ನಮಗೆ ಅದು ಒಂದು ಸಾಲಿನ ವಿಷಯವಲ್ಲ.

ಸರಿ, ಹೇಗೋ ಊರೊಳಗೆ ನುಗ್ಗಿದ್ದರೆ? ಅಲ್ಲಿ ಕಷ್ಟ ಇನ್ನೂ ಹೆಚ್ಚು. ಕೀವ್ ಸುಮಾರು 30 ಲಕ್ಷ ಜನರ ಊರು. ಇಡೀ ಉಕ್ರೇನ್ ಮೇಲೆ ರಷ್ಯಾ ಕಳಿಸಿದ್ದ ಸೇನೆಯೇ ಎರಡು ಲಕ್ಷ ದಾಟಿರಲಿಲ್ಲ ಎಂಬ ಅಂದಾಜಿದೆ. ಆ ಸೇನೆಯೂ ನಾಲ್ಕಾರು ದಿಕ್ಕಿಗೆ ಹಂಚಿಹೋಗಿತ್ತು. ಊರಿನ ಕಾಳಗದಲ್ಲಿ ಪ್ರತಿ ಮನೆಯೂ ಒಂದು ಕೋಟೆ. ನೆಲಮಾಳಿಗೆಯಲ್ಲಿ ಒಬ್ಬ, ಏಳನೇ ಮಹಡಿಯಲ್ಲಿ ಒಬ್ಬ ಅಡಗಿ ಕೂತರೆ ಟ್ಯಾಂಕಿನ ಫಿರಂಗಿ ಅಷ್ಟು ಕೆಳಗೂ ಬಾಗುವುದಿಲ್ಲ, ಅಷ್ಟು ಮೇಲಕ್ಕೂ ಏಳುವುದಿಲ್ಲ. ಹಿಡಿದ ಪ್ರತಿ ಓಣಿಗೂ ಕಾವಲು ಬೇಕು. ಮುಂದೆ ಹೋದಂತೆ ಸೈನಿಕರು ಕರಗುತ್ತಾರೆ.

ಈ ಪಾಠ ರಷ್ಯಾಕ್ಕೆ ಹೊಸದಲ್ಲ. 1994ರ ಡಿಸೆಂಬರ್ 31ರಂದು ಚೆಚೆನ್ಯಾದ ರಾಜಧಾನಿ ಗ್ರೋಜ್ನಿಗೆ ಟ್ಯಾಂಕ್‌ಗಳನ್ನು ನುಗ್ಗಿಸಿ, ರೈಲು ನಿಲ್ದಾಣದ ಬಳಿ ಒಂದು ಇಡೀ ದಳವನ್ನೇ ಬಹುಪಾಲು ಕಳೆದುಕೊಂಡಿತ್ತು. 2022ರಲ್ಲಿ ಖಾರ್ಕಿವ್ ನಗರದೊಳಗೆ ನುಗ್ಗಿದ ತುಕಡಿಗಳನ್ನೂ ಒಂದೇ ದಿನದಲ್ಲಿ ಹೊರಗಟ್ಟಲಾಯಿತು. ಒಳಗೆ ಹೋಗಲಾಗದ ಸೇನೆ ಹೊರಗಿನಿಂದ ಶೆಲ್ ಸುರಿಯಿತು. ಮಾರ್ಚ್ 1ರಂದು ಅದೇ ಖಾರ್ಕಿವ್‌ನಲ್ಲಿ ನಮ್ಮ ಉತ್ತರ ಕರ್ನಾಟಕದ ವೈದ್ಯಕೀಯ ವಿದ್ಯಾರ್ಥಿಯೊಬ್ಬ ದಾಳಿಗೆ ಬಲಿಯಾದ. ಊಟದ ಸಾಮಾನು ತರಲು ಹೊರಗೆ ಹೋಗಿದ್ದ ಹುಡುಗ.

ಮಾರ್ಚ್ 25ರಂದು ರಷ್ಯಾದ ಸೇನಾಧಿಕಾರಿ ಸೆರ್ಗೆಯ್ ರುಡ್‌ಸ್ಕೊಯ್, ಮೊದಲ ಹಂತದ ಕೆಲಸ ಬಹುತೇಕ ಮುಗಿದಿದೆ, ಇನ್ನು ಗಮನ ಡಾನ್‌ಬಾಸ್ ಕಡೆ ಎಂದರು. ಏಪ್ರಿಲ್ ಮೊದಲ ವಾರದ ಹೊತ್ತಿಗೆ ಕೀವ್ ಸುತ್ತಲಿನ ಸೇನೆ ಖಾಲಿಯಾಗಿತ್ತು. ಅವರು ಬಿಟ್ಟುಹೋದ ಬೂಚಾದಲ್ಲಿ ನೂರಾರು ನಾಗರಿಕರ ಹೆಣಗಳು ಸಿಕ್ಕವು. ಹಿಂದೆ ಸರಿದದ್ದು ಕರುಣೆಯಿಂದಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಡಾನ್‌ಬಾಸ್ ಯಾಕೆ? ಅದು ಪೂರ್ವದ ಗಡಿ ಭಾಗ. ರಷ್ಯಾದ ಸೇನೆ ಮದ್ದುಗುಂಡು ಸಾಗಿಸುವುದು ಮುಖ್ಯವಾಗಿ ರೈಲಿನಲ್ಲಿ. ರೈಲು ಹಳಿಯಿಂದ ದೂರ ಹೋದಷ್ಟೂ ಅದರ ಕೈ ಸೋಲುತ್ತದೆ. ಇಲ್ಲಿ ಹಳಿ ಹತ್ತಿರ. ಊರುಗಳ ನಡುವೆ ಗೋಧಿ, ಸೂರ್ಯಕಾಂತಿಯ ವಿಶಾಲ ಹೊಲಗಳು, ಬದುಗಳಲ್ಲಿ ಮರದ ಸಾಲು. ಬಯಲಿನಲ್ಲಿ ಫಿರಂಗಿ ಹೆಚ್ಚಿದ್ದವನದೇ ಮೇಲುಗೈ. ನಮ್ಮ ಒಂದು ಫಿರಂಗಿಗೆ ಅವರದು 10ರಿಂದ 15 ಎಂದು ಉಕ್ರೇನಿನ ಸೇನಾ ಗುಪ್ತಚರ ಅಧಿಕಾರಿಯೇ ಆ ಜೂನ್‌ನಲ್ಲಿ ಹೇಳಿದ್ದರು.

ಆದರೆ ಬಯಲಿನ ದಾರಿಯೂ ಕೊನೆಗೆ ಊರಿಗೇ ಸೇರುತ್ತದೆ. ಯುದ್ಧಕ್ಕೆ ಮುಂಚೆ 70 ಸಾವಿರದಷ್ಟು ಜನರಿದ್ದ ಬಾಖ್ಮುತ್ ಎಂಬ ಸಣ್ಣ ಊರಿಗಾಗಿ 2023ರ ಮೇ ತನಕ ತಿಂಗಳುಗಟ್ಟಲೆ ಕಾದಾಟ ನಡೆಯಿತು. ಕೊನೆಗೆ ಉಳಿದದ್ದು ಮುರಿದ ಗೋಡೆಗಳು. ಬಯಲಿನಲ್ಲೂ ಗೆಲುವು ಅಗ್ಗವಾಗಲಿಲ್ಲ.

ಸೇನಾ ನಕ್ಷೆಯಲ್ಲಿ 'ಬಯಲು' ಎಂದು ಬರೆದಿರುತ್ತದೆ. ಯಾರೂ ಇಲ್ಲದ ಜಾಗ ಎಂಬಂತೆ. ನಿಜದಲ್ಲಿ ಅದು ಯಾರದೋ ಬಿತ್ತನೆ ಹೊಲ. ಅಲ್ಲಿ ಈಗ ಕಂದಕಗಳಿವೆ, ಸಿಡಿಯದ ಶೆಲ್‌ಗಳಿವೆ, ನೆಲಬಾಂಬ್‌ಗಳಿವೆ. ಉಳಲು ಹೋದ ಟ್ರ್ಯಾಕ್ಟರ್‌ಗಳು ಸಿಡಿದು ರೈತರು ಸತ್ತಿದ್ದಾರೆ. ಭಾರತಕ್ಕೆ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಬರುತ್ತಿದ್ದದ್ದು ಉಕ್ರೇನಿನಿಂದ. ಆ ವರ್ಷ ಸಂತೆಯಲ್ಲಿ ಎಣ್ಣೆ ಪಾಕೀಟಿನ ರೇಟು ಕೇಳಿ ನೀವು ಬೆಚ್ಚಿದ್ದು ನೆನಪಿರಬಹುದು.

ಹಿರಿಯರ ಪ್ರಶ್ನೆಗೆ ನಮ್ಮ ಉತ್ತರ ಇಷ್ಟೇ: ಕರುಣೆ ಬರಲಿಲ್ಲ ಅಜ್ಜಾ. ಊರು ಅರಗಲಿಲ್ಲ, ಅದಕ್ಕೆ ಹೊಲಕ್ಕೆ ಹೋದರು. ಹೊಲದವರಿಗೆ ಓಡಿಹೋಗಲು ಮಹಡಿಯೂ ಇರಲಿಲ್ಲ, ನೆಲಮಾಳಿಗೆಯೂ ಇರಲಿಲ್ಲ.