ಲುಕ್ಸೆಂಬರ್ಗ್ ಅರಮನೆಯ ಗಾಜು ಮತ್ತು ಬೆಳಕಿನ ಧ್ರುವೀಕರಣ

ಆಕಸ್ಮಿಕವೆಂದು ಹೆಸರಾದ ಶೋಧಗಳನ್ನು ಚರಿತ್ರಕಾರನು ಕೊಂಚ ಸಂದೇಹದಿಂದಲೇ ನೋಡಬೇಕಾಗುತ್ತದೆ. 1808ರ ಒಂದು ಸಂಜೆ ಪ್ಯಾರಿಸಿನಲ್ಲಿ ಎತಿಯೆನ್ ಲೂಯಿ ಮಾಲ್ಯೂಸ್ ಎಂಬ ಸೇನಾ ಎಂಜಿನಿಯರನು ಲುಕ್ಸೆಂಬರ್ಗ್ ಅರಮನೆಯ ಕಿಟಕಿಗಾಜಿನಲ್ಲಿ ಪ್ರತಿಫಲಿಸುತ್ತಿದ್ದ ಅಸ್ತಮಯದ ಸೂರ್ಯನನ್ನು ಐಸ್‌ಲೆಂಡ್ ಸ್ಫಟಿಕದ ಮೂಲಕ ನೋಡಿದನು. ಸ್ಫಟಿಕವನ್ನು ತಿರುಗಿಸಿದಂತೆ ಎರಡು ಬಿಂಬಗಳಲ್ಲಿ ಒಂದು ಮಸುಕಾಯಿತು. ಅರಾಗೋ ಬರೆದ ಜೀವನಚರಿತ್ರೆಯಿಂದ ಪ್ರಸಿದ್ಧವಾದ ಕಥೆಯಿದು. ಆದರೆ ಸ್ಫಟಿಕವು ಅವನ ಕೈಯಲ್ಲಿದ್ದುದು ಆಕಸ್ಮಿಕವಲ್ಲ. ಅದೇ ವರ್ಷ ಫ್ರೆಂಚ್ ವಿಜ್ಞಾನ ಸಂಸ್ಥೆಯು ದ್ವಿವಕ್ರೀಭವನದ ಗಣಿತ ಸಿದ್ಧಾಂತಕ್ಕೆ ಬಹುಮಾನವನ್ನು ಸಾರಿತ್ತು.

1669ರಲ್ಲಿ ಬಾರ್ತೊಲಿನನು ಈ ಸ್ಫಟಿಕದ ಎರಡು ಬಿಂಬಗಳನ್ನು ವರ್ಣಿಸಿದ್ದನು. ಒಂದು ಸ್ಫಟಿಕವನ್ನು ದಾಟಿದ ಬೆಳಕು ಎರಡನೆಯದರಲ್ಲಿ ಬೇರೆ ರೀತಿ ವರ್ತಿಸುವುದನ್ನು ಹೈಗೆನ್ಸನು 1690ರ ತನ್ನ ಗ್ರಂಥದಲ್ಲಿ ಗುರುತಿಸಿ, ಕಾರಣ ತಿಳಿಯದೆಂದು ಒಪ್ಪಿಕೊಂಡಿದ್ದನು. ಅಲ್ಲಿಯವರೆಗೆ ಅದು ಸ್ಫಟಿಕದ ವೈಚಿತ್ರ್ಯ. ಮಾಲ್ಯೂಸನು ಅದನ್ನು ಸಾಮಾನ್ಯ ಗಾಜಿನಲ್ಲಿ ಕಂಡನು. ನನ್ನ ದೃಷ್ಟಿಯಲ್ಲಿ ಶೋಧದ ಸಾರವಿರುವುದು ಇಲ್ಲಿಯೇ.

ಅಂದು ರಾತ್ರಿಯೇ ಅವನು ಮೇಣದ ಬತ್ತಿಯ ಬೆಳಕಿನಲ್ಲಿ ಪರೀಕ್ಷೆಗೆ ತೊಡಗಿದನು. ಲಂಬರೇಖೆಯಿಂದ ಅಳೆದರೆ ನೀರಿನಲ್ಲಿ ಸುಮಾರು 52 ಡಿಗ್ರಿ 45 ಮಿನಿಟು, ಗಾಜಿನಲ್ಲಿ 54 ಡಿಗ್ರಿ 35 ಮಿನಿಟು ಕೋನದಲ್ಲಿ ಪ್ರತಿಫಲಿತ ಬೆಳಕು ಪೂರ್ಣವಾಗಿ ಧ್ರುವೀಕೃತವಾಗುತ್ತದೆಂದು ಕಂಡುಕೊಂಡನು. ನೀರಿನ ಅಳತೆ ಇಂದಿನ ಲೆಕ್ಕಕ್ಕೆ ಬಹಳ ಸಮೀಪ, ಗಾಜಿನದು ಕಡಿಮೆ. 1.5 ವಕ್ರೀಭವನಾಂಕದ ಗಾಜಿಗೆ ಅದು 56 ಡಿಗ್ರಿ ಮೀರಬೇಕು. ಈ ಅಂತರವೇ ಅವನಿಗೆ ನಿಯಮವನ್ನು ಮರೆಮಾಡಿತು. ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರನೂ ಮೊದಲು ಇಲ್ಲಿಯೇ ಎಡವಿದನು. ಹಳೆಯ ಗಾಜಿನ ಮೇಲ್ಮೈ ಕಾಲಕ್ರಮದಲ್ಲಿ ಮಾರ್ಪಟ್ಟಿರುತ್ತದೆಂಬುದು ತಿಳಿದ ಮೇಲೆ, 1815ರಲ್ಲಿ ಆ ಕೋನದ ಸ್ಪರ್ಶಕವು ವಕ್ರೀಭವನಾಂಕಕ್ಕೆ ಸಮವೆಂಬ ನಿಯಮವನ್ನು ಅವನು ಪ್ರಕಟಿಸಿದನು. ಮಾಸಿದ ಗಾಜೊಂದು ನಿಯಮವನ್ನು ಏಳು ವರ್ಷ ತಡೆಯಿತೆನ್ನಬಹುದು!

ಗಾಜನ್ನು ಹೊಕ್ಕು ವಕ್ರೀಭವಿಸಿದ ಬೆಳಕು ಭಾಗಶಃ ಮಾತ್ರ ಧ್ರುವೀಕೃತವಾಗುತ್ತದೆ. ಹಲವು ಫಲಕಗಳನ್ನು ಒಂದರ ಮೇಲೊಂದಿರಿಸಿದರೆ ಅದು ಹೆಚ್ಚುತ್ತದೆ. 1811ರಲ್ಲಿ ಮಾಲ್ಯೂಸನು ಇದನ್ನೂ ತಿಳಿಸಿದನು.

ಮಾಲ್ಯೂಸನು ಕಣವಾದಿ. ಅಯಸ್ಕಾಂತಕ್ಕಿರುವಂತೆ ಬೆಳಕಿನ ಕಣಗಳಿಗೂ ಧ್ರುವಗಳಿವೆಯೆಂದು ಭಾವಿಸಿಯೇ ಆ ಹೆಸರಿಟ್ಟನು. ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ ನಡೆದಿದ್ದಾಗಲೇ ಲಂಡನ್ನಿನ ರಾಯಲ್ ಸೊಸೈಟಿಯು ಅವನಿಗೆ ರಮ್‌ಫರ್ಡ್ ಪದಕವನ್ನಿತ್ತಿತು. ಸೊಸೈಟಿಯ ವಿದೇಶ ಕಾರ್ಯದರ್ಶಿಯಾಗಿ 1811ರಲ್ಲಿ ಅವನಿಗೆ ಪತ್ರ ಬರೆದವನು ತರಂಗವಾದಿ ಥಾಮಸ್ ಯಂಗನೇ. ಈ ಪ್ರಯೋಗಗಳು ತನ್ನ ವಾದದ ಅಪೂರ್ಣತೆಯನ್ನು ತೋರುತ್ತವೆಯೇ ಹೊರತು ಅದು ಸುಳ್ಳೆಂದು ಸಾಧಿಸುವುದಿಲ್ಲ ಎಂಬುದು ಅವನ ಉತ್ತರ. ಮರುವರ್ಷ ಮಾಲ್ಯೂಸನು 36ನೆಯ ವಯಸ್ಸಿನಲ್ಲಿ ತೀರಿಕೊಂಡನು. ಬೆಳಕಿನ ಕಂಪನವು ಅದರ ಗತಿಗೆ ಅಡ್ಡವಾಗಿದೆಯೆಂದು 1821ರಲ್ಲಿ ಸಾರಿದ ಫ್ರೆನೆಲನು, ಎರಡೇ ವರ್ಷಗಳಲ್ಲಿ ಬ್ರೂಸ್ಟರನ ಕೋನವನ್ನು ತರಂಗವಾದದಿಂದಲೇ ಸೂತ್ರೀಕರಿಸಿದನು.