ಮೈಸೂರು ಸಂಸ್ಥಾನದ 1933ರ ಕಾಯಿದೆಯಲ್ಲಿ ಮಗಳ ಪಾಲು

ಕೋಲಾರ ಸೀಮೆಯ ವಕ್ಕಲೇರಿಯು ಇತಿಹಾಸಜ್ಞರಿಗೆ ಪರಿಚಿತವಾಗಿರುವುದು ಚಾಲುಕ್ಯ ಇಮ್ಮಡಿ ಕೀರ್ತಿವರ್ಮನ 757ರ ತಾಮ್ರಶಾಸನದಿಂದ. ಭೂದಾನದ ಆ ಶಾಸನದಷ್ಟೇ ಗಮನಾರ್ಹವಾದುದು, ಅದೇ ಊರಿನ ಹೆಣ್ಣುಮಕ್ಕಳ ಭೂಮಿಯ ಹಕ್ಕನ್ನು ಮುಟ್ಟಿದ ಇನ್ನೊಂದು ಶಾಸನ: ಮೈಸೂರು ಸಂಸ್ಥಾನದ 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ.

ಕಲ್ಯಾಣದ ವಿಜ್ಞಾನೇಶ್ವರನು ತನ್ನ ಮಿತಾಕ್ಷರದಲ್ಲಿ ದಾಯವಾಗಿ ಬಂದುದನ್ನೂ ಸ್ತ್ರೀಧನವೆಂದೇ ಎಣಿಸಿದ್ದನು. ಆ ಅರ್ಥವನ್ನು ಸಂಕುಚಿತಗೊಳಿಸಿದವರು ಪ್ರೀವಿ ಕೌನ್ಸಿಲಿನ ನ್ಯಾಯಾಧೀಶರು. ಆದುದರಿಂದ ದೋಷವನ್ನೆಲ್ಲ ಧರ್ಮಶಾಸ್ತ್ರದ ಮೇಲೆಯೇ ಹೊರಿಸುವುದು ನಮಗೆ ಸರಿತೋರದು. ಆದರೂ ಹುಟ್ಟಿನಿಂದ ಬರುವ ಪಾಲುಗಾರಿಕೆ ಮಿತಾಕ್ಷರದಲ್ಲಿಯೂ ಗಂಡುಮಕ್ಕಳದೇ.

1933ರ ಕಾಯಿದೆಯು, ಅವಿಭಕ್ತ ಕುಟುಂಬವು ಪಾಲಾದಾಗ, ತಾಯಿಗೆ ಮಗನ ಪಾಲಿನ ಅರ್ಧವನ್ನೂ ಅವಿವಾಹಿತ ಮಗಳಿಗೆ ಸೋದರನ ಪಾಲಿನ ಕಾಲುಭಾಗವನ್ನೂ ವಿಧಿಸಿತು. ಬ್ರಿಟಿಷ್ ಭಾರತದ 1937ರ ಕಾಯಿದೆಯು ವಿಧವೆಯರನ್ನು ನೆನೆಯಿತೇ ಹೊರತು ಮಗಳನ್ನಲ್ಲ.

ತೊಡಕು ಇರುವುದು ‘ಪಾಲಾದಾಗ’ ಎಂಬ ಮಾತಿನಲ್ಲಿ. ಪಾಲು ಕೇಳುವ ಅಧಿಕಾರ ಸಾಮಾನ್ಯವಾಗಿ ಗಂಡಸರಲ್ಲಿಯೇ ಉಳಿಯಿತು. ಅಣ್ಣತಮ್ಮಂದಿರು ಕೂಡಿಯೇ ಬಾಳಿದರೆ ಅವಳು ಕಾಯಬೇಕು. ಅಷ್ಟರಲ್ಲಿ ಮದುವೆಯಾದರೆ ಆ ಕಾಲುಭಾಗವೂ ಇಲ್ಲ! ಕರ್ನಾಟಕದ 1994ರ ತಿದ್ದುಪಡಿಯು ಮಗಳಿಗೆ ಹುಟ್ಟಿನಿಂದಲೇ ಸಮಪಾಲನ್ನು ಕೊಟ್ಟಿತಾದರೂ, ಅದಕ್ಕೆ ಮೊದಲೇ ಮದುವೆಯಾದವಳನ್ನು ಹೊರಗಿಟ್ಟಿತು. ಆ ತಡೆಯು ನೀಗಿದುದು 2005ರ ಕೇಂದ್ರ ತಿದ್ದುಪಡಿಯಿಂದ.